ಸರ್ವ ಸದಸ್ಯರ ಸಭೆಯ ಮೌನ ಮತ್ತು ಹೆಬ್ಬೆರಳಿನ ಸಮ್ಮತಿ

ವಾರ್ಷಿಕ ಸರ್ವ ಸದಸ್ಯರ ಸಭೆಯ ನಡಾವಳಿ ಪುಸ್ತಕವನ್ನು, ಅದು ವರ್ತಕರ ಸಂಘದ್ದಾಗಿರಲಿ, ಕೈಗಾರಿಕಾ ಸಂಘದ್ದಾಗಿರಲಿ, ಪತ್ತಿನ ಸಹಕಾರ ಸಂಘದ್ದಾಗಿರಲಿ, ತೆರೆದು ಓದಿದವರಿಗೆ ಒಂದು ವಾಕ್ಯವು ಪುಟಪುಟದಲ್ಲಿಯೂ ಎದುರಾಗುತ್ತದೆ: ‘ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು.’ ಜಮಾ-ಖರ್ಚಿನ ಲೆಕ್ಕ ಸರ್ವಾನುಮತದಿಂದ ಅಂಗೀಕಾರವಾಗುತ್ತದೆ. ಮುಂದಿನ ಸಾಲಿನ ಅಂದಾಜು ಆಯವ್ಯಯವೂ ಹಾಗೆಯೇ. ಲೆಕ್ಕಪರಿಶೋಧಕರ ನೇಮಕವಂತೂ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಸೂಚಕರ ಹೆಸರು, ಅನುಮೋದಕರ ಹೆಸರು, ಅನಂತರ ವಂದನಾರ್ಪಣೆ ಮತ್ತು ಊಟ. ‘ಮೌನಂ ಸಮ್ಮತಿಲಕ್ಷಣಂ’ ಎಂಬ ಮಾತನ್ನು ನಾವು ಸಂಘಗಳ ಅಲಿಖಿತ ಉಪವಿಧಿಯನ್ನಾಗಿ ಮಾಡಿಕೊಂಡಿದ್ದೇವೆ.

ಈ ಮೌನವನ್ನು ಮುರಿಯಲು ಇತ್ತೀಚಿನ ವರ್ಷಗಳಲ್ಲಿ ಒಂದು ಪರಿಹಾರವು ಹಲವು ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಕೇಳಿಬರುತ್ತಿದೆ. ಸದಸ್ಯರಿಗೆ ಎದ್ದು ನಿಂತು ಮಾತನಾಡಲು ಸಂಕೋಚ. ಪತ್ರ ಬರೆಯಲು ಬಿಡುವಿಲ್ಲ. ಆದುದರಿಂದ ಒಂದು ಗುರುತು ಮಾಡಿದರೆ ಸಾಕೆನ್ನುವಂತಹ ಸುಲಭ ಸಾಧನವನ್ನು ಅವರ ಕೈಗೆ ಕೊಡಬೇಕು ಎಂಬುದೇ ಆ ಪರಿಹಾರ. ಮೊಬೈಲಿಗೆ ಬಂದ ಸೂಚನಾ ಪತ್ರದ ಕೆಳಗೆ ಹೆಬ್ಬೆರಳಿನ ಚಿಹ್ನೆಯನ್ನು ಒತ್ತುವುದು, ಸಭೆಯಲ್ಲಿ ಹಸಿರು ಅಥವಾ ಕೆಂಪು ಕಾರ್ಡನ್ನು ಎತ್ತುವುದು, ಚೀಟಿಯಲ್ಲಿ ಗೆರೆ ಎಳೆಯುವುದು ಇವೆಲ್ಲ ಒಂದೇ ಜಾತಿಯ ಉಪಾಯಗಳು. ಪ್ರತಿಕ್ರಿಯೆಯ ಶ್ರಮವನ್ನು ಕಡಿಮೆ ಮಾಡಿದರೆ ಭಾಗವಹಿಸುವಿಕೆ ಹೆಚ್ಚುವುದೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಕಂಪನಿ ಕಾನೂನು, ಚುನಾವಣಾ ವ್ಯವಸ್ಥೆ ಮತ್ತು ನಮ್ಮ ಜಿಲ್ಲೆಯ ಮಾರುಕಟ್ಟೆ, ಈ ಮೂರೂ ಕಡೆ ಇದಕ್ಕೆ ಉತ್ತರವನ್ನು ಹುಡುಕಲು ಸಾಕಷ್ಟು ಸಾಮಗ್ರಿ ಇದೆ.

ಮಾರುಕಟ್ಟೆಯ ಸನ್ನೆ

ಮೊದಲು ನಮ್ಮ ಮನೆಯ ಬಾಗಿಲಿನಲ್ಲಿಯೇ ಇರುವ ಉದಾಹರಣೆ. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಟೊಮೆಟೊ ಹರಾಜು ನಡೆಯುವಾಗ ಗಮನಿಸಿದವರಿಗೆ ತಿಳಿದಿರುತ್ತದೆ. 15 ಕಿಲೋ ತೂಕದ ಬಾಕ್ಸುಗಳ ಸಾಲಿನ ಮುಂದೆ ಬೆಲೆ ಕೂಗುತ್ತಾ ಹೋಗುವವರು, ಅವರ ಬೆನ್ನಿಗೆ ಖರೀದಿದಾರರ ಗುಂಪು. ಇಲ್ಲಿ ಭಾಷಣವಿಲ್ಲ, ಸೂಚಕ-ಅನುಮೋದಕರಿಲ್ಲ. ಒಂದು ಬೆರಳು ಮೇಲೆದ್ದರೆ ಅಥವಾ ತಲೆ ಸ್ವಲ್ಪ ಆಡಿದರೆ ಬೆಲೆ ಏರುತ್ತದೆ. ಬೇಡವೆಂದರೆ ಮುಖ ತಿರುಗಿಸಿದರೂ ಸಾಕು. ಪ್ರತಿಕ್ರಿಯೆಗೆ ಇದಕ್ಕಿಂತ ಸುಲಭವಾದ ಸಾಧನವನ್ನು ಯಾವ ಯಂತ್ರವೂ ಕೊಡಲಾರದು. 2023ರ ಜುಲೈ ತಿಂಗಳಿನಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿಗಳನ್ನು ದಾಟಿದಾಗ, ಒಂದೊಂದು ಬೆರಳಿನ ಹಿಂದೆ ಎಷ್ಟು ಹಣವಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಮಂಡಿಯಲ್ಲಿ ಕಣ್ಣುರೆಪ್ಪೆಯ ಚಲನೆಯನ್ನೂ ವ್ಯರ್ಥ ಮಾಡದ ವರ್ತಕರೇ ತಮ್ಮ ಸಂಘದ ಮಹಾಸಭೆಯಲ್ಲಿ ಎರಡು ಗಂಟೆ ಕುಳಿತು ತುಟಿ ಬಿಚ್ಚದೆ ಎದ್ದು ಬರುತ್ತಾರೆ. ಇದಕ್ಕೆ ಸಂಕೋಚ ಕಾರಣವೆನ್ನಲಾಗದು. ಮಂಡಿಯಲ್ಲಿ ಅವರ ಸನ್ನೆಗೆ ಮೂರು ಗುಣಗಳಿವೆ. ಅದನ್ನು ಆ ಕ್ಷಣದಲ್ಲಿಯೇ ಒಬ್ಬರು ಕಾಣುತ್ತಾರೆ, ಚೀಟಿಯಲ್ಲಿ ಬರೆಯುತ್ತಾರೆ, ಮತ್ತು ಅದರಿಂದ ಬೆಲೆ ಬದಲಾಗುತ್ತದೆ. ಮಹಾಸಭೆಯಲ್ಲಿ ಎತ್ತಿದ ಕೈಯನ್ನು ಬಹುಮಟ್ಟಿಗೆ ಯಾರೂ ಎಣಿಸುವುದಿಲ್ಲ. ಎಣಿಸಿದರೂ ನಡಾವಳಿಯಲ್ಲಿ ಸಂಖ್ಯೆ ಬರುವುದಿಲ್ಲ, ಬಂದರೂ ಏನೂ ಬದಲಾಗುವುದಿಲ್ಲ. ಈ ಮೂರು ಗುಣಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಉದಾಹರಣೆಗಳನ್ನು ನೋಡೋಣ.

ಕೈ ಎತ್ತುವುದರಿಂದ ಇ-ಮತದಾನದವರೆಗೆ

ಷೇರುದಾರರ ಮೌನವನ್ನು ಕುರಿತು ನಮ್ಮ ಕಂಪನಿ ಕಾನೂನು ಸುಮಾರು ಕಾಲು ಶತಮಾನದಿಂದ ಪ್ರಯೋಗಗಳನ್ನು ನಡೆಸಿದೆ. ಕೈ ಎತ್ತಿ ಮತ ನೀಡುವುದು ಹಳೆಯ ಪದ್ಧತಿ. ಅದರಲ್ಲಿ ಹತ್ತು ಷೇರುಳ್ಳವನಿಗೂ ಹತ್ತು ಲಕ್ಷ ಷೇರುಳ್ಳವನಿಗೂ ಒಂದೊಂದೇ ಕೈ. ಇದು ಸರಿಯಲ್ಲವೆಂದು ತೋರಿದವರು ಷೇರಿನ ಪ್ರಮಾಣದಲ್ಲಿ ಮತ ಎಣಿಸುವಂತೆ ಒತ್ತಾಯಿಸಬಹುದಾಗಿತ್ತು. ಈಗಿನ 2013ರ ಕಾಯ್ದೆಯ 109ನೆಯ ಕಲಮಿನಲ್ಲಿಯೂ ಆ ಅವಕಾಶವಿದೆ. ಆದರೆ ಎರಡಕ್ಕೂ ಸದಸ್ಯನು, ಇಲ್ಲವೇ ಅವನ ಪ್ರತಿನಿಧಿಯು, ಸಭೆ ನಡೆಯುವ ಊರಿಗೆ ಹೋಗಬೇಕು. ಮಾಲೂರಿನಲ್ಲಿ ಕುಳಿತ ಷೇರುದಾರನು ಮುಂಬಯಿಯ ಸಭೆಗೆ ರೈಲಿನ ಖರ್ಚು ಹಾಕಿಕೊಂಡು ಹೋಗುತ್ತಾನೆಯೇ? ಅವನ ಇಡೀ ವರ್ಷದ ಲಾಭಾಂಶವು ಆ ಟಿಕೆಟ್ಟಿಗೂ ಸಾಲದು.

ಆದುದರಿಂದ 2000ನೆಯ ಇಸವಿಯ ತಿದ್ದುಪಡಿಯ ಮೂಲಕ 1956ರ ಕಾಯ್ದೆಗೆ 192ಎ ಕಲಮನ್ನು ಸೇರಿಸಿ ಅಂಚೆ ಮತದಾನವನ್ನು ತರಲಾಯಿತು. ಅದರ ನಿಯಮಗಳು 2001ರಲ್ಲಿ ಬಂದವು. ಅನಂತರದ ಹೆಜ್ಜೆ ಇ-ಮತದಾನ. 2012ರ ಜುಲೈನಲ್ಲಿ ಸೆಬಿ ಸಂಸ್ಥೆಯು ಅಗ್ರ 500 ನೋಂದಾಯಿತ ಕಂಪನಿಗಳಿಗೆ ಇದನ್ನು ಅನ್ವಯಿಸಿತು. ಮುಂದೆ 2013ರ ಕಾಯ್ದೆಯ 108ನೆಯ ಕಲಮು ಮತ್ತು 2014ರ ನಿಯಮಗಳ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟು, ನೋಂದಾಯಿತ ಕಂಪನಿಗಳೂ ಒಂದು ಸಾವಿರ ಅಥವಾ ಅದಕ್ಕೂ ಹೆಚ್ಚು ಸದಸ್ಯರುಳ್ಳ ಕಂಪನಿಗಳೂ ಇ-ಮತದಾನದ ಸೌಲಭ್ಯ ಒದಗಿಸಬೇಕಾಯಿತು. ಮತದಾನವು ಕನಿಷ್ಠ ಮೂರು ದಿನಗಳ ಕಾಲ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಕ್ತಾಯವಾಗಬೇಕು. ಅಂದರೆ ಮಾಲೂರಿನ ಷೇರುದಾರನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಎರಡು ನಿಮಿಷದಲ್ಲಿ ಮತ ಹಾಕಬಹುದು.

ಪರಿಣಾಮವೇನಾಯಿತು? ಎರಡು ಬಗೆಯ ಉತ್ತರಗಳಿವೆ. 2014ರ ಜುಲೈನಲ್ಲಿ ಟಾಟಾ ಮೋಟಾರ್ಸ್ ಕಂಪನಿಯ ಮೂವರು ಉನ್ನತಾಧಿಕಾರಿಗಳ ಸಂಭಾವನೆಗೆ ಸಂಬಂಧಿಸಿದ ವಿಶೇಷ ನಿರ್ಣಯಗಳು ಅಗತ್ಯವಾದ ನಾಲ್ಕನೆಯ ಮೂರು ಭಾಗದಷ್ಟು ಬಹುಮತ ದೊರೆಯದೆ ಬಿದ್ದುಹೋದವು. ಕಂಪನಿಯು ಅದೇ ವಿಷಯವನ್ನು ಮತ್ತೊಮ್ಮೆ ಸದಸ್ಯರ ಮುಂದೆ ತರಬೇಕಾಯಿತು. ಅದೇ ತಿಂಗಳು ಸೀಮನ್ಸ್ ಕಂಪನಿಯು ತನ್ನ ಲೋಹ ತಂತ್ರಜ್ಞಾನ ವಿಭಾಗವನ್ನು ಸಮೂಹದೊಳಗಿನ ಸಂಸ್ಥೆಗೆ ಮಾರುವ ಪ್ರಸ್ತಾವವನ್ನು ಅಲ್ಪಸಂಖ್ಯಾತ ಷೇರುದಾರರು ತಿರಸ್ಕರಿಸಿದರು. ಹಿಂದಿನ ಕಾಲದ ಕೈ ಎತ್ತುವ ಸಭೆಯಲ್ಲಾಗಿದ್ದರೆ ಇಂತಹ ನಿರ್ಣಯಗಳು ಚಪ್ಪಾಳೆಯೊಡನೆ ಅಂಗೀಕಾರವಾಗುತ್ತಿದ್ದವೆಂದು ನನ್ನ ಎಣಿಕೆ.

ಆದರೆ ಆ ಮತಗಳನ್ನು ಹಾಕಿದವರು ಯಾರು? ಹೆಚ್ಚಿನ ತೂಕವೆಲ್ಲ ಮ್ಯೂಚುವಲ್ ಫಂಡುಗಳು, ವಿಮಾ ಸಂಸ್ಥೆಗಳು, ವಿದೇಶಿ ಹೂಡಿಕೆ ಸಂಸ್ಥೆಗಳು ಇಂತಹವರದು. ಈ ಸಂಸ್ಥೆಗಳಿಗೆ ಮತ ಹಾಕುವುದು ಕೆಲಸದ ಒಂದು ಭಾಗ. ಮ್ಯೂಚುವಲ್ ಫಂಡುಗಳು ತಾವು ಹೇಗೆ ಮತ ಹಾಕಿದೆವೆಂಬುದನ್ನು ಪ್ರಕಟಿಸಬೇಕೆಂದು ಸೆಬಿ 2010ರಲ್ಲಿಯೇ ಹೇಳಿತ್ತು. 2021ರ ಸುತ್ತೋಲೆಯಿಂದ ಹಂತಹಂತವಾಗಿ, 2022ರ ಏಪ್ರಿಲ್ 1ರಿಂದ ಎಲ್ಲ ನಿರ್ಣಯಗಳಿಗೂ, ಮತದಾನವನ್ನೇ ಕಡ್ಡಾಯಗೊಳಿಸಿತು. ಗುಂಡಿ ಎಲ್ಲರಿಗೂ ಒಂದೇ ಆಗಿತ್ತು. ಹೊಣೆ ಇದ್ದವರು ಒತ್ತಿದರು. ಸಣ್ಣ ಷೇರುದಾರರಲ್ಲಿ ಬಹುಪಾಲು ಜನ ಇಂದಿಗೂ ಒತ್ತುವುದಿಲ್ಲ. ನನ್ನ ಕಕ್ಷಿದಾರರಲ್ಲಿ ಷೇರುಪೇಟೆಯ ಏರಿಳಿತವನ್ನು ಗಂಟೆಗೊಮ್ಮೆ ನೋಡುವವರು ಅನೇಕರಿದ್ದಾರೆ. ಅವರಲ್ಲಿ ಇ-ಮತ ಹಾಕಿದವರನ್ನು ಎಣಿಸಲು ಒಂದು ಕೈಯ ಬೆರಳುಗಳೂ ಹೆಚ್ಚಾಗುತ್ತವೆ.

ಇನ್ನೊಂದು ವಿಚಿತ್ರ ಅಮೆರಿಕದಿಂದ. 2007ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಣ ಮಂಡಳಿಯು ಕಂಪನಿಗಳಿಗೆ ಹೊಸ ಅನುಕೂಲವೊಂದನ್ನು ನೀಡಿತು. ವಾರ್ಷಿಕ ವರದಿ ಮತ್ತು ಮತಪತ್ರದ ದಪ್ಪ ಲಕೋಟೆಯ ಬದಲು, ‘ದಾಖಲೆಗಳು ಇಂತಹ ಅಂತರ್ಜಾಲ ವಿಳಾಸದಲ್ಲಿವೆ, ಅಲ್ಲಿಯೇ ಮತ ಹಾಕಿರಿ’ ಎಂಬ ಒಂದು ಪುಟದ ಸೂಚನೆಯನ್ನು ಕಳುಹಿಸಿದರೆ ಸಾಕೆಂದಿತು. ಕಾಗದ ಉಳಿಯಿತು, ಅಂಚೆ ವೆಚ್ಚವೂ ಉಳಿಯಿತು. ಆದರೆ ಈ ಪದ್ಧತಿಯನ್ನು ಅನುಸರಿಸಿದ ಕಂಪನಿಗಳಲ್ಲಿ ವೈಯಕ್ತಿಕ ಷೇರುದಾರರ ಮತದಾನವು ಎದ್ದು ಕಾಣುವಂತೆ ಕುಸಿಯಿತು. ಮೇಜಿನ ಮೇಲೆ ಬಿದ್ದಿರುವ ಮತಪತ್ರವು ದಿನವೂ ನೆನಪಿಸುತ್ತದೆ. ಸೂಚನೆ ಹಾಗಲ್ಲ, ಓದಿದ ಕ್ಷಣಕ್ಕೆ ಮರೆತುಹೋಗುತ್ತದೆ.

ಕಾಣದ ಮತ, ಕಾಣುವ ಮತ

ಶ್ರಮ ಕಡಿಮೆಯಾದರೂ ಭಾಗವಹಿಸುವಿಕೆ ಹೆಚ್ಚದಿರಲು ಇನ್ನೊಂದು ಕಾರಣವುಂಟು. ಅದನ್ನು ತೋರಿಸಿಕೊಟ್ಟ ದೇಶ ಸ್ವಿಟ್ಜರ್ಲೆಂಡ್. ಅಲ್ಲಿನ ಪ್ರಾಂತಗಳು ಒಂದೊಂದೂ ಬೇರೆ ಬೇರೆ ವರ್ಷದಲ್ಲಿ ಅಂಚೆ ಮತದಾನವನ್ನು ಜಾರಿಗೆ ತಂದವು. ಆದುದರಿಂದ ಮೊದಲು-ಆಮೇಲಿನ ಹೋಲಿಕೆ ಸಾಧ್ಯವಾಯಿತು. ಅರ್ಥಶಾಸ್ತ್ರಜ್ಞೆ ಪೆಟ್ರೀಷಿಯಾ ಫಂಕ್ ಈ ಅಂಕಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶವು ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿತ್ತು. ಒಟ್ಟಾರೆ ಮತದಾನದ ಪ್ರಮಾಣವು ಹೇಳಿಕೊಳ್ಳುವಷ್ಟು ಏರಲಿಲ್ಲ. ಸಣ್ಣ ಊರುಗಳಲ್ಲಿ ಕೆಲವೆಡೆ ಇಳಿಯಿತು. ಅವರ ವಿವರಣೆ ಸರಳವಾಗಿದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಮತಗಟ್ಟೆಗೆ ಹೋಗುವುದು ನಾಲ್ಕು ಜನರ ಕಣ್ಣಿಗೆ ಬೀಳುವ ಕೆಲಸ. ‘ಯಾಕೆ, ಬರಲಿಲ್ಲ?’ ಎಂದು ನೆರೆಯವರು ಕೇಳುವ ಭಯವೂ ಅದರಲ್ಲಿ ಸೇರಿದೆ. ಅಂಚೆ ಪೆಟ್ಟಿಗೆ ಬಂದ ಮೇಲೆ ಯಾರು ಹಾಕಿದರು, ಯಾರು ಹಾಕಲಿಲ್ಲ ಎಂಬುದು ಕಾಣದಾಯಿತು. ಆ ಭಯವೂ ಹೋಯಿತು.

ನಮ್ಮ ತಾಲ್ಲೂಕು ಕೇಂದ್ರಗಳ ಸಂಘಗಳಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಮುಳಬಾಗಿಲಿನ ವರ್ತಕನೊಬ್ಬನು ಸಭೆಗೆ ಬರುವುದು ಕಾರ್ಯಸೂಚಿಗಾಗಿ ಮಾತ್ರವಲ್ಲ. ಎದುರು ಅಂಗಡಿಯವರು ಬಂದಿದ್ದಾರೆ, ಹಿರಿಯರು ಕರೆದಿದ್ದಾರೆ, ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂಬುದೇ ದೊಡ್ಡ ಕಾರಣ. ‘ಮನೆಯಿಂದಲೇ ಗುರುತು ಒತ್ತಿದರೆ ಸಾಕು’ ಎಂದು ಹೇಳಿದ ಕೂಡಲೇ ಆ ಬಂಧವನ್ನು ನಾವೇ ಸಡಿಲಿಸಿದಂತೆ.

ಕೆನಡಾ ದೇಶದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಪೂರಕವಾಗಿದೆ. ಮಡಿದ ಯೋಧರ ಸ್ಮರಣಾರ್ಥ ಅಲ್ಲಿ ನವೆಂಬರಿನಲ್ಲಿ ಕೆಂಪು ಗಸಗಸೆ ಹೂವಿನ ಪದಕವನ್ನು ಎದೆಗೆ ಧರಿಸುವ ವಾಡಿಕೆಯಿದೆ. ಸಂಶೋಧಕರು ಕೆಲವರಿಗೆ ಹೂವನ್ನು ಎಲ್ಲರಿಗೂ ಕಾಣುವಂತೆ ಧರಿಸಲು ಕೊಟ್ಟರು. ಕೆಲವರಿಗೆ ಲಕೋಟೆಯೊಳಗೆ ಇಟ್ಟುಕೊಟ್ಟರು. ಅನಂತರ ದೇಣಿಗೆ ಕೇಳಿದಾಗ ಲಕೋಟೆ ಪಡೆದವರು, ಎದೆಗೆ ಧರಿಸಿದವರಿಗಿಂತ ಹೆಚ್ಚು ಕೊಟ್ಟರು. ಬೆಂಬಲವನ್ನು ಒಮ್ಮೆ ಸುಲಭವಾಗಿ ತೋರಿಸಿಕೊಂಡವನಿಗೆ ತನ್ನ ಪಾಲಿನ ಕರ್ತವ್ಯ ಮುಗಿಯಿತೆಂಬ ಸಮಾಧಾನ ಬಂದುಬಿಡುತ್ತದೆ. ಸಂಘದ ಮನವಿಯ ಕೆಳಗೆ ಹೆಬ್ಬೆರಳು ಒತ್ತಿದ ಸದಸ್ಯನು ಜಿಲ್ಲಾಧಿಕಾರಿಗಳ ಕಚೇರಿಗೆ ನಿಯೋಗ ಹೊರಟ ದಿನ ಬರುವುದಿಲ್ಲವೆಂಬ ಕಾರ್ಯದರ್ಶಿಗಳ ದೂರಿಗೆ ಇಲ್ಲಿ ವಿವರಣೆ ಇದೆ.

ವಿರುದ್ಧ ಪಕ್ಷದ ವಾದವನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಇಂತಹ ಗುಂಡಿಯೊಂದನ್ನು ಸರ್ವೋಚ್ಚ ನ್ಯಾಯಾಲಯವೇ ಒದಗಿಸಿದೆ. 2013ರ ಸೆಪ್ಟೆಂಬರ್ 27ರ ತೀರ್ಪಿನ ಫಲವಾಗಿ ಮತಯಂತ್ರದಲ್ಲಿ ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆ ಬಂದಿತು. ಅದೇ ವರ್ಷ ಐದು ರಾಜ್ಯಗಳ ವಿಧಾನಸಭಾ ಚುನಾವಣೆಗಳಲ್ಲಿ ಮೊದಲು ಬಳಕೆಯಾಯಿತು. ಅಂಕಿಗಳನ್ನು ಶೋಧಿಸಿದ ಅರ್ಥಶಾಸ್ತ್ರಜ್ಞರು, ಈ ಗುಂಡಿ ಒತ್ತಿದವರಲ್ಲಿ ಬಹಳಷ್ಟು ಮಂದಿ ಅದು ಇಲ್ಲದಿದ್ದರೆ ಮತಗಟ್ಟೆಗೇ ಬರುತ್ತಿರಲಿಲ್ಲವೆಂದು ಕಂಡುಕೊಂಡಿದ್ದಾರೆ. ಅಂದರೆ ಹೊಸ ಗುಂಡಿಯು ಮನೆಯಲ್ಲಿ ಕುಳಿತವರನ್ನು ಸ್ವಲ್ಪಮಟ್ಟಿಗೆ ಹೊರಗೆ ತಂದದ್ದು ನಿಜ. ಆದರೆ 2024ರ ಲೋಕಸಭಾ ಚುನಾವಣೆಯಲ್ಲಿ ಇಂದೋರಿನ ಮತದಾರರು 2,18,674 ಬಾರಿ ಅದನ್ನು ಒತ್ತಿದರೂ ಫಲಿತಾಂಶದ ಮೇಲೆ ಒಂದು ಕೂದಲಿನಷ್ಟೂ ಪರಿಣಾಮವಾಗಲಿಲ್ಲ. ಆಗುವಂತೆಯೂ ಇರಲಿಲ್ಲ, ಏಕೆಂದರೆ ಆ ಮತಗಳು ಎಷ್ಟೇ ಇದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ. ಎಣಿಕೆ ಉಂಟು, ಪರಿಣಾಮವಿಲ್ಲ. ಮಂಡಿಯ ಸನ್ನೆಯ ಮೂರು ಗುಣಗಳಲ್ಲಿ ಎರಡು ಮಾತ್ರ ಇಲ್ಲಿವೆ.

ಗುರುತಿಗೆ ಬೆಲೆ ಬಂದಾಗ

ಇನ್ನು ಹೆಬ್ಬೆರಳಿಗೆ ಪೂರ್ಣ ಪರಿಣಾಮ ದೊರೆತ ಪ್ರಸಂಗ. ಶ್ರೀನಿವಾಸಪುರದ ಮಾವಿನ ವರ್ತಕರೂ, ದೂರದ ಊರುಗಳಿಗೆ ತರಕಾರಿ ಕಳುಹಿಸುವವರೂ ಇದನ್ನು ಸ್ವಲ್ಪ ಎಚ್ಚರದಿಂದ ಓದಬೇಕೆಂದು ಕೋರುತ್ತೇನೆ.

2021ರ ಮಾರ್ಚಿನಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತದ ಧಾನ್ಯ ಖರೀದಿ ಸಂಸ್ಥೆಯೊಂದು ರೈತನೊಬ್ಬನಿಂದ ಅಗಸೆ ಬೀಜ ಕೊಳ್ಳುವ ಮಾತುಕತೆ ನಡೆಸಿ, ಸಹಿ ಮಾಡಿದ ಕರಾರಿನ ಚಿತ್ರವನ್ನು ಮೊಬೈಲಿಗೆ ಕಳುಹಿಸಿ ‘ದೃಢಪಡಿಸಿರಿ’ ಎಂದು ಕೇಳಿತು. ರೈತನು ಹೆಬ್ಬೆರಳಿನ ಚಿಹ್ನೆಯನ್ನು ಕಳುಹಿಸಿದನು. ನವೆಂಬರಿನಲ್ಲಿ ಸರಕು ಬರಲಿಲ್ಲ. ಅಷ್ಟರಲ್ಲಿ ಪೇಟೆಯ ಧಾರಣೆ ಬಹಳ ಏರಿತ್ತು. ಕರಾರಿನ ಪತ್ರ ತಲುಪಿತೆಂದು ಮಾತ್ರ ತಾನು ತಿಳಿಸಿದ್ದೆ, ಒಪ್ಪಿರಲಿಲ್ಲ ಎಂಬುದು ರೈತನ ವಾದ. ನ್ಯಾಯಾಲಯ ಒಪ್ಪಲಿಲ್ಲ. ಹಿಂದಿನ ವ್ಯವಹಾರಗಳಲ್ಲಿ ಆತನು ‘ಸರಿ’, ‘ಆಗಲಿ’ ಎಂಬ ಒಂದೊಂದು ಪದದ ಉತ್ತರ ಕೊಟ್ಟು ಸರಕನ್ನು ತಲುಪಿಸಿದ್ದನೆಂಬುದನ್ನು ಗಮನಿಸಿ, ಹೆಬ್ಬೆರಳೂ ಅದೇ ಬಗೆಯ ಒಪ್ಪಿಗೆಯೆಂದು 2023ರ ಜೂನಿನಲ್ಲಿ ತೀರ್ಪಿತ್ತು, 82,000 ಡಾಲರಿಗೂ ಮೇಲ್ಪಟ್ಟ ನಷ್ಟ ಪರಿಹಾರವನ್ನು ವಿಧಿಸಿತು. 2024ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲಿಯೂ ತೀರ್ಪು ಉಳಿಯಿತು.

ವಿದೇಶದ ತೀರ್ಪು ನಮ್ಮನ್ನು ಬಂಧಿಸುವುದಿಲ್ಲ. ಆದರೆ ನಮ್ಮ 1872ರ ಕರಾರು ಕಾಯ್ದೆಯ 7ನೆಯ ಕಲಮು ಒಪ್ಪಿಗೆಯು ಪೂರ್ಣವೂ ಷರತ್ತಿಲ್ಲದ್ದೂ ಆಗಿದ್ದು, ರೂಢಿಯಲ್ಲಿರುವ ಸಮಂಜಸ ರೀತಿಯಲ್ಲಿ ವ್ಯಕ್ತವಾಗಿರಬೇಕೆನ್ನುತ್ತದೆ. 9ನೆಯ ಕಲಮಿನ ಪ್ರಕಾರ ಪದಗಳಿಲ್ಲದೆಯೂ ವಚನ ಉಂಟಾಗಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಿಂದ ಸೇರಿದ 10ಎ ಕಲಮು, ವಿದ್ಯುನ್ಮಾನ ಮಾಧ್ಯಮದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು ಹೇಳುತ್ತದೆ. ಈ ಮೂರನ್ನೂ ಕೂಡಿಸಿ ಓದಿದರೆ, ವರ್ಷಗಳಿಂದ ಒಂದೇ ಕಡೆಗೆ ಮಾಲು ಕಳುಹಿಸುತ್ತಿರುವ ವರ್ತಕನು ಧಾರಣೆಯ ಸಂದೇಶಕ್ಕೆ ಹೆಬ್ಬೆರಳು ಒತ್ತಿ ‘ನೋಡಿದೆನೆಂದು ತಿಳಿಸಿದೆ ಅಷ್ಟೆ’ ಎಂದು ಅನಂತರ ವಾದಿಸುವುದು ಸುಲಭವಲ್ಲ. ನೋಡಿದ್ದೇನೆ ಎನ್ನಬೇಕಾದರೆ ‘ನೋಡಿದೆ, ಉತ್ತರ ನಾಳೆ’ ಎಂದು ನಾಲ್ಕಕ್ಷರ ಬರೆಯುವುದು ಲೇಸು. ನಮ್ಮ ಹಿರಿಯರ ಕಾಲದಲ್ಲಿ ಹೆಬ್ಬೆಟ್ಟು ಒತ್ತುವ ಮುನ್ನ ಪತ್ರವನ್ನು ಎರಡು ಬಾರಿ ಓದಿಸಿ ಕೇಳುತ್ತಿದ್ದರು. ಹೆಬ್ಬೆರಳಿಗೆ ಮಸಿ ಹತ್ತುವುದಿಲ್ಲವೆಂಬುದೊಂದೇ ಇಂದಿನ ವ್ಯತ್ಯಾಸ.

ಮಾಲೂರಿನ ಕೈಗಾರಿಕಾ ಪ್ರದೇಶದ ಖಾಸಗಿ ಕಂಪನಿಗಳ ನಿರ್ದೇಶಕರಿಗೂ ಒಂದು ಮಾತು. ಅಣ್ಣತಮ್ಮಂದಿರೇ ನಿರ್ದೇಶಕರಾಗಿರುವಲ್ಲಿ, ಬ್ಯಾಂಕಿನ ಸಾಲದ ನಿರ್ಣಯವನ್ನು ಮೊಬೈಲಿನಲ್ಲಿ ಕಳುಹಿಸಿ ಎಲ್ಲರ ಹೆಬ್ಬೆರಳು ಬಂದ ಮೇಲೆ ‘ಮಂಡಳಿ ಅಂಗೀಕರಿಸಿದೆ’ ಎಂದು ಬರೆದುಬಿಡುವ ಅಭ್ಯಾಸ ಕಂಡುಬರುತ್ತದೆ. 2013ರ ಕಾಯ್ದೆಯ 175ನೆಯ ಕಲಮು ಸುತ್ತೋಲೆಯ ಮೂಲಕ ನಿರ್ಣಯಕ್ಕೆ ಅವಕಾಶ ಕೊಡುತ್ತದೆ, ನಿಜ. ಆದರೆ ಕರಡು ನಿರ್ಣಯವು ಅಗತ್ಯ ಕಾಗದಪತ್ರಗಳೊಡನೆ ಎಲ್ಲ ನಿರ್ದೇಶಕರಿಗೂ ಹೋಗಬೇಕು. ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ನಿರ್ದೇಶಕರು ಬಯಸಿದರೆ ಸಭೆಯಲ್ಲಿಯೇ ತೀರ್ಮಾನವಾಗಬೇಕು, ಮತ್ತು ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು. ಅಲ್ಲದೆ ಸಾಲ ಪಡೆಯುವ ಅಧಿಕಾರವು 179ನೆಯ ಕಲಮಿನಂತೆ ಮಂಡಳಿಯ ಸಭೆಯಲ್ಲಿಯೇ ಚಲಾಯಿಸಬೇಕಾದುದು. ಸುತ್ತೋಲೆಯೂ ಅಲ್ಲಿ ನಡೆಯದು, ಹೆಬ್ಬೆರಳಂತೂ ದೂರವೇ ಉಳಿಯಿತು.

ಹಾಜರಿ ಪುಸ್ತಕದ ಪಾಠ

ಸುಲಭ ಮಾಡುವುದಕ್ಕೆ ಬದಲಾಗಿ ಕಡ್ಡಾಯ ಮಾಡಿದರೆ ಹೇಗೆ? ಸಹಕಾರ ಕ್ಷೇತ್ರದಲ್ಲಿ ಆ ದಾರಿಯನ್ನೂ ತುಳಿದು ನೋಡಲಾಗಿದೆ. 2012ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಂವಿಧಾನದ 97ನೆಯ ತಿದ್ದುಪಡಿಯು, ಸದಸ್ಯರು ಕನಿಷ್ಠ ಇಷ್ಟು ಸಭೆಗಳಿಗೆ ಹಾಜರಾಗಬೇಕು, ಸಂಘದ ಸೇವೆಯನ್ನು ಕನಿಷ್ಠ ಇಷ್ಟು ಬಳಸಬೇಕು ಎಂದು ರಾಜ್ಯಗಳು ಕಾನೂನು ಮಾಡಬಹುದೆಂದಿತು. ಕರ್ನಾಟಕದಲ್ಲಿಯೂ 1959ರ ಸಹಕಾರ ಸಂಘಗಳ ಕಾಯ್ದೆಗೆ ತಿದ್ದುಪಡಿ ತಂದು ಮತದಾನದ ಹಕ್ಕನ್ನು ಹಾಜರಾತಿಯೊಡನೆ ಜೋಡಿಸಲಾಯಿತು. ರಾಜ್ಯಗಳ ಸಹಕಾರ ಸಂಘಗಳ ಮಟ್ಟಿಗೆ ಆ ಸಂವಿಧಾನ ತಿದ್ದುಪಡಿಯ ಸಂಬಂಧಿತ ಭಾಗವು ಸಿಂಧುವಲ್ಲವೆಂದು 2021ರ ಜುಲೈ 20ರಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ಬೇರೆ ವಿಚಾರ. ಹಾಜರಾತಿಯ ಷರತ್ತಿನ ಪರಿಣಾಮವು ಹಾಜರಿ ಪುಸ್ತಕದಲ್ಲಿ ಚೆನ್ನಾಗಿ ಕಂಡಿತು, ಸಭಾಂಗಣದಲ್ಲಿ ಅಷ್ಟಾಗಿ ಕಾಣಲಿಲ್ಲ. ಬೆಳಿಗ್ಗೆ ಬಂದು ಸಹಿ ಮಾಡಿ, ವರದಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟವರನ್ನು ನಾವೆಲ್ಲ ಬಲ್ಲೆವು. ಸಹಿಯೂ ಒಂದು ಬಗೆಯ ಗುಂಡಿಯೇ.

ಇದೇ ಸದಸ್ಯರನ್ನು ಹಳ್ಳಿಯ ಹಾಲು ಉತ್ಪಾದಕರ ಸಂಘದ ಡೇರಿಯ ಮುಂದೆ ಮುಂಜಾನೆ ನೋಡಬೇಕು. ಹಾಲು ಅಳೆದು, ಜಿಡ್ಡಿನ ಅಂಶ ಪರೀಕ್ಷೆಯಾಗಿ, ಅಂಕಿ ಕಡಿಮೆ ಬಂದರೆ ಆ ನಿಂತ ನಿಲುವಿನಲ್ಲಿಯೇ ಪ್ರಶ್ನೆ ಹುಟ್ಟುತ್ತದೆ. ಅಲ್ಲಿ ಯಾವ ತಾಯಿಯೂ ಸಂಕೋಚಪಡುವುದಿಲ್ಲ. ಕಾರ್ಯದರ್ಶಿಯು ಆಗಲೇ ಉತ್ತರ ಕೊಡಬೇಕು, ಇಲ್ಲವಾದರೆ ಮತ್ತೊಮ್ಮೆ ಪರೀಕ್ಷೆ ಮಾಡಬೇಕು.

ನಮ್ಮ ಸಂಘಗಳು ಮಾಡಬಹುದಾದುದು

ಮೌನದ ಬೆಲೆ ಎಷ್ಟೆಂಬುದು ಸಾಮಾನ್ಯ ದಿನಗಳಲ್ಲಿ ತಿಳಿಯುವುದಿಲ್ಲ. 2025ರ ಜೂನಿನಲ್ಲಿ ತಿಳಿಯಿತು. ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಮಾವಿಗೆ ಪ್ರವೇಶ ನಿರ್ಬಂಧಿಸಿತು. ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನೆಚ್ಚಿದ್ದ ಶ್ರೀನಿವಾಸಪುರದ ಬೆಳೆಗಾರರೂ ವರ್ತಕರೂ ಬೀದಿಗಿಳಿದರು, ಬಂದ್ ನಡೆಯಿತು. ಮುಖ್ಯಮಂತ್ರಿಗಳು ನೆರೆ ರಾಜ್ಯಕ್ಕೆ ಪತ್ರ ಬರೆದರು. ಬಳಿಕ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಾಲಿಗೆ 1,616 ರೂಪಾಯಿ ದರವನ್ನು ಆಧಾರವಾಗಿಟ್ಟುಕೊಂಡು, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಪಾವತಿಗೆ ಕೇಂದ್ರವು ಒಪ್ಪಿತು. ಇಂತಹ ಹೊತ್ತಿನಲ್ಲಿ ಸರ್ಕಾರವು ಸಂಘಗಳನ್ನು ಕೇಳುವ ಪ್ರಶ್ನೆ ‘ನಿಮಗೆ ಬೇಸರವಾಗಿದೆಯೇ?’ ಎಂಬುದಲ್ಲ. ನಿಮ್ಮ ಸದಸ್ಯರ ಬಳಿ ಎಷ್ಟು ಟನ್ ನಿಂತಿದೆ, ಯಾವ ದರಕ್ಕೆ ಕೊಂಡದ್ದು, ಎಷ್ಟು ಮಾರಿಹೋಯಿತು ಎಂಬುದು. ಮನವಿಯ ಕೆಳಗೆ ಮುನ್ನೂರು ಹೆಬ್ಬೆರಳುಗಳಿದ್ದರೂ ಅವುಗಳಲ್ಲಿ ಒಂದು ಕ್ವಿಂಟಾಲಿನ ಲೆಕ್ಕವೂ ಸಿಗುವುದಿಲ್ಲ.

ಹಾಗೆಂದು ಸುಲಭ ಸಾಧನಗಳನ್ನು ಬೇಡವೆನ್ನುವುದು ನನ್ನ ಅಭಿಪ್ರಾಯವಲ್ಲ. ಮಾತನಾಡಲಾಗದವನಿಗೆ ಅದು ಮೊದಲ ಮೆಟ್ಟಿಲಾಗಬಹುದು. ಆದರೆ ಅದನ್ನು ಎಲ್ಲಿ ಇಡುತ್ತೇವೆ ಎಂಬುದು ಮುಖ್ಯ. ನನ್ನ ಸಲಹೆ ಇಷ್ಟು: ಮಹಾಸಭೆಗೆ ಮುನ್ನ ಪ್ರತಿ ಸದಸ್ಯನಿಗೂ ಕಾರ್ಯಸೂಚಿಯ ಜೊತೆ ಒಂದು ಮುದ್ರಿತ ಚೀಟಿ ಹೋಗಲಿ. ಪ್ರತಿ ವಿಷಯದ ಮುಂದೆ ‘ಒಪ್ಪಿಗೆ’, ‘ಒಪ್ಪಿಗೆಯಿಲ್ಲ’, ‘ವಿವರಣೆ ಬೇಕು’ ಎಂಬ ಮೂರು ಮನೆಗಳಿರಲಿ. ಅಂಕಿ ಅಗತ್ಯವಾದ ವಿಷಯಗಳಲ್ಲಿ, ದಾಸ್ತಾನು, ದರ, ಬಾಕಿ ಮೊತ್ತ ಇಂತಹವುಗಳಿಗೆ ನಾಲ್ಕನೆಯದೊಂದು ಖಾಲಿ ಮನೆ ಇರಲಿ. ಚೀಟಿಯನ್ನು ಸದಸ್ಯನು ಸಭೆಗೆ ತಾನೇ ತಂದು ಕೊಡಲಿ. ಸ್ವಿಟ್ಜರ್ಲೆಂಡಿನ ಅನುಭವದ ಹಿನ್ನೆಲೆಯಲ್ಲಿ ನಾನು ಅಂಚೆಗೂ ಮೊಬೈಲಿಗೂ ಇದನ್ನು ಬಿಟ್ಟುಕೊಡಲಾರೆ. ಆಯಾ ವಿಷಯ ಬಂದಾಗ ಅಧ್ಯಕ್ಷರು ಮೊದಲು ಮೂರನೆಯ ಮನೆಯ ಸಂಖ್ಯೆಯನ್ನು ಓದಿ ಹೇಳಿ, ಖಜಾಂಚಿಯವರಿಂದ ಅಥವಾ ಲೆಕ್ಕಪರಿಶೋಧಕರಿಂದ ವಿವರಣೆ ಕೊಡಿಸಲಿ. ಕಂಪನಿಗಳಲ್ಲಿಯಾದರೆ, ವಿನಾಯಿತಿ ಇಲ್ಲದಿದ್ದಲ್ಲಿ, ಲೆಕ್ಕಪರಿಶೋಧಕರು ಮಹಾಸಭೆಗೆ ಹಾಜರಾಗಬೇಕೆಂದು 146ನೆಯ ಕಲಮು ಹೇಳುತ್ತದೆ. ಪ್ರಶ್ನೆಯೇ ಇಲ್ಲದ ಸಭೆಗಳಲ್ಲಿ ನಾವು ಕುಳಿತು ಕಾಫಿ ಕುಡಿದು ಬಂದದ್ದೇ ಹೆಚ್ಚು.

ಒಂದು ಕಾಲ್ಪನಿಕ ಲೆಕ್ಕವನ್ನು ಇಟ್ಟುಕೊಳ್ಳೋಣ. 400 ಸದಸ್ಯರ ಸಂಘ. ವಾರ್ಷಿಕ ಚಂದಾವನ್ನು 1,000 ರೂಪಾಯಿಯಿಂದ 1,500ಕ್ಕೆ ಏರಿಸುವ ಪ್ರಸ್ತಾವ. ಸಭೆಗೆ ಬಂದವರು 90. ಹಳೆಯ ಪದ್ಧತಿಯಲ್ಲಿ ‘ಸರ್ವಾನುಮತ’. ಚೀಟಿಯ ಪದ್ಧತಿಯಲ್ಲಿ 41 ಒಪ್ಪಿಗೆ, 12 ವಿರೋಧ, 37 ವಿವರಣೆ ಬೇಕು ಎಂದು ಬಂದಿತೆನ್ನಿ. ಆ 37 ಮಂದಿಗೆ ಬೇಕಾದದ್ದು ಹೆಚ್ಚುವರಿ 2 ಲಕ್ಷ ರೂಪಾಯಿ ಎಲ್ಲಿ ಖರ್ಚಾಗುತ್ತದೆಂಬ ಒಂದು ಪುಟದ ಪಟ್ಟಿ. ಅದನ್ನು ಸಭೆಯಲ್ಲಿ ಕೊಡದೆ ಚಂದಾ ಏರಿಸಿದ ಸಂಘವು ಮುಂದಿನ ಮಾರ್ಚಿನಲ್ಲಿ ‘ಬರಬೇಕಾದ ಚಂದಾ ಬಾಕಿ’ ಎಂಬ ತಲೆಬರಹದ ಕೆಳಗೆ ಉತ್ತರವನ್ನು ಕಾಣುತ್ತದೆ. ಸದಸ್ಯನು ಮಾತನಾಡದೆ ಕೊಡುವ ಪ್ರತಿಕ್ರಿಯೆಗಳಲ್ಲಿ ಅದು ಅತ್ಯಂತ ಸ್ಪಷ್ಟವಾದುದು.

ಈ ಮೂರು ಸಂಖ್ಯೆಗಳನ್ನೂ ನಡಾವಳಿಯಲ್ಲಿ ಬರೆಯಬೇಕು. ಬಾರದೆ ಉಳಿದ 310 ಸದಸ್ಯರನ್ನು ಯಾವ ಮನೆಗೂ ಸೇರಿಸದೆ, ‘ಅಭಿಪ್ರಾಯ ತಿಳಿಸದವರು’ ಎಂದು ಬೇರೆ ಸಾಲಿನಲ್ಲಿಯೇ ತೋರಿಸಬೇಕು. ಸಭೆಯಲ್ಲಿ ಉತ್ತರ ಸಿಗದ ಪ್ರಶ್ನೆಗಳಿಗೆ ಮುಂದಿನ ತಿಂಗಳ ಸಂಚಿಕೆಯಲ್ಲಿ ಕಾರ್ಯದರ್ಶಿಗಳ ಸಹಿಯೊಡನೆ ಉತ್ತರ ಪ್ರಕಟವಾಗಲಿ. ಚೀಟಿಗಳನ್ನು ಕನಿಷ್ಠ ಮುಂದಿನ ಮಹಾಸಭೆಯವರೆಗೆ ಕಡತದಲ್ಲಿ ಇಡಬೇಕು. ಉಪವಿಧಿಗಳಲ್ಲಿ ಮತದಾನದ ಕ್ರಮವನ್ನು ನಿರ್ದಿಷ್ಟಪಡಿಸಿರುವ ಸಂಘಗಳು ಈ ಚೀಟಿಯು ಅಭಿಪ್ರಾಯ ಸಂಗ್ರಹ ಮಾತ್ರ, ಮತಪತ್ರವಲ್ಲ ಎಂಬ ಒಂದು ಸಾಲನ್ನು ಅದರ ಮೇಲ್ಭಾಗದಲ್ಲಿ ಮುದ್ರಿಸಬೇಕು. ಮತಪತ್ರವೇ ಆಗಬೇಕೆಂದರೆ ಮೊದಲು ಉಪವಿಧಿಗೆ ತಿದ್ದುಪಡಿ ತಂದು, ನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಿಸಿಕೊಂಡ ನಂತರವೇ ಆ ಹೆಸರಿನಿಂದ ಕರೆಯತಕ್ಕದ್ದು.